ಜಾಡಿಗೆ ಬೀಳದ ಕಣ್ಣು

ಅವನ ಮೇಲೆ ನನಗೆ ಮೊದಲು ಬಂದದ್ದು ಪ್ರೀತಿಯಲ್ಲ, ಕೋಪ. ಅದೂ ಸಣ್ಣಪುಟ್ಟ ಕೋಪವಲ್ಲ, ಅನ್ನ ಗಂಟಲಲ್ಲಿ ಇಳಿಯದಂಥ ಕೋಪ. ಕಾರಣ ಹೇಳಿದರೆ ನೀವು ನಗುತ್ತೀರಿ. ಅವನು ಒಂದು ಸ್ವಿಚ್ಚನ್ನು ತಡವಾಗಿ ಒತ್ತಿದ, ಅಷ್ಟೇ.

ನಮ್ಮದು ಕಣ್ಣು ಮಾಡುವ ಕೆಲಸ. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುತ್ತೇವೆ. ಅದರಿಂದ ಏನೂ ಕಾಣುವುದಿಲ್ಲ. ಆದರೆ ಎದುರಿಗಿದ್ದವರಿಗೆ ಅದು ಕೃತಕ ಅಂತ ಗೊತ್ತಾಗುವುದೂ ಇಲ್ಲ. ಕಣ್ಣಿನ ಗೂಡಿನ ಅಚ್ಚು ತೆಗೆದು ಬಿಳಿ ಗುಡ್ಡೆ ತಯಾರಿಸುವವಳು ಅಕ್ಕ. ಅವಳು ನಮ್ಮಲ್ಲಿ ಯಾರ ಸ್ವಂತ ಅಕ್ಕನೂ ಅಲ್ಲ, ಆದರೂ ಎಲ್ಲರಿಗೂ ಅಕ್ಕ. ಬಂದವರನ್ನು ಕಿಟಕಿಯ ಬೆಳಕಿನಲ್ಲಿ ಎದುರಿಗೆ ಕೂರಿಸಿಕೊಂಡು, ಅವರ ಇನ್ನೊಂದು ಕಣ್ಣನ್ನು ನೋಡಿ ನೋಡಿ, ಗುಡ್ಡೆಯ ನಡುವೆ ಕೂರುವ ಪುಟ್ಟ ಬಿಲ್ಲೆಯ ಮೇಲೆ ಬಣ್ಣ ಹಾಕುವವಳು ನಾನು. ಕೆಂಪು ರೇಷ್ಮೆಯ ಎಳೆ ಬಿಡಿಸಿ, ಬಿಳಿಯ ಮೇಲೆ ರಕ್ತನಾಳಗಳ ಹಾಗೆ ಕೂರಿಸುವವಳೂ ನಾನೇ. ಕೊನೆಗೆ ಅದರ ಮೇಲೆ ತಿಳಿಯಾದ ಪದರ ಎರೆದು, ನಿಜವಾದ ಕಣ್ಣಿನ ಒದ್ದೆ ಹೊಳಪು ಬರುವ ತನಕ ಮೋಟಾರಿನಲ್ಲಿ ಪಾಲಿಶ್ ಮಾಡುವವನು ಅವನು.

ನಾವು ಅವನಿಗಿಟ್ಟ ಹೆಸರು ಇರ್ಲಿಬಿಡಿ. ಅವನ ಬಾಯಿಂದ ದಿನವಿಡೀ ಬರುತ್ತಿದ್ದುದು ಅದೊಂದೇ ಮಾತು. ಯಾರೋ ಅವನ ಮೇಲೆ ಚಹಾ ಚೆಲ್ಲಿದರೆ ಇರ್ಲಿ ಬಿಡಿ. ಯಾರೋ ಅವನ ಛತ್ರಿ ತೆಗೆದುಕೊಂಡು ಹೋಗಿ ಕಳೆದು ಬಂದರೆ ಇರ್ಲಿ ಬಿಡಿ. ಅವರೆಲ್ಲ ಸೇರಿ ನನಗಿಟ್ಟ ಹೆಸರು ಗುಡುಗು. ಯಾಕೆ ಅನ್ನುವುದನ್ನು ನಾನೇ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮುಂದೆ ನಿಮಗೇ ಗೊತ್ತಾಗುತ್ತದೆ.

ಇದನ್ನೆಲ್ಲ ನಡೆಸುವ ಮೇಡಂ ಮೇಜಿನ ಮೇಲೆ ಒಂದು ದೊಡ್ಡ ಗಾಜಿನ ಜಾಡಿ. ನಾವು ಕೆಡಿಸಿದ ಕಣ್ಣುಗಳೆಲ್ಲ ಅದರೊಳಗೆ. ಕಂದು, ಕಪ್ಪು, ಬೂದು, ಎಲ್ಲವೂ ಗಾಜಿಗೆ ಮುಖ ಒತ್ತಿಕೊಂಡು ನಮ್ಮನ್ನೇ ನೋಡುತ್ತಿರುತ್ತವೆ. ಯಾರು ಕೆಡಿಸಿದರೋ ಅವರೇ, ಸಂಜೆ ಮನೆಗೆ ಹೊರಡುವ ಮೊದಲು, ಎಲ್ಲರ ಎದುರು ನಡೆದುಹೋಗಿ ಅದನ್ನು ಜಾಡಿಗೆ ಹಾಕಬೇಕು ಅನ್ನುವುದು ನಿಯಮ. ಮೇಡಂ ಬಯ್ಯುವುದಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಮೇಲಿಂದ ಬಿದ್ದ ಕಣ್ಣು ಒಳಗಿನವುಗಳಿಗೆ ತಾಗಿ ಟಕ್ ಅನ್ನುತ್ತದಲ್ಲ, ಆ ಸದ್ದು ಹತ್ತು ಬೈಗುಳಕ್ಕೆ ಸಮ. ಆಮೇಲೆ ಯಾರೂ ಯಾರ ಮುಖವನ್ನೂ ನೋಡದೆ ಬ್ಯಾಗ್ ಎತ್ತಿಕೊಂಡು ಹೊರಡುತ್ತಿದ್ದೆವು.

ಹಾಗಂತ ಮೇಡಂ ಕಲ್ಲುಮನಸ್ಸಿನವರಲ್ಲ. ಹಿಂದೊಮ್ಮೆ ಇಲ್ಲಿಂದ ತಪ್ಪು ಬಣ್ಣದ ಕಣ್ಣು ಒಬ್ಬ ಹುಡುಗಿಗೆ ಹೋಗಿತ್ತಂತೆ. ಅವಳು ಅದನ್ನೇ ಹಾಕಿಕೊಂಡು ಸ್ಕೂಲು ಮುಗಿಸಿದಳಂತೆ. ಯಾರೂ ಅವಳಿಗೆ ಹೇಳಲಿಲ್ಲ, ಬೆನ್ನ ಹಿಂದೆ ನಕ್ಕರು, ಅಷ್ಟೇ. ಜಾಡಿ ಬಂದದ್ದು ಆಮೇಲೆ.

ಇರ್ಲಿಬಿಡಿ ಕೆಲಸಕ್ಕೆ ಸೇರಿದ ಮೇಲೆ ಒಂದು ವಿಷಯ ಬದಲಾಯಿತು. ಯಾರಾದರೂ ಕೆಟ್ಟ ಕಣ್ಣು ಹಿಡಿದು ಜಾಡಿಯ ಕಡೆ ನಡೆದರೆ, ಅವರು ಕೈ ಬಿಡುವ ಕ್ಷಣಕ್ಕೆ ಸರಿಯಾಗಿ ಅವನ ಮೋಟಾರ್ ಗುರ್ ಎಂದು ಶುರುವಾಗುತ್ತಿತ್ತು. ಟಕ್ ಅನ್ನುವ ಸದ್ದು ಅದರಲ್ಲಿ ಮುಳುಗಿಹೋಗುತ್ತಿತ್ತು. ಮೊದಮೊದಲು ಕಾಕತಾಳೀಯ ಅಂದುಕೊಂಡೆವು. ಒಂದು ಸಂಜೆ ಅಕ್ಕ ಜಾಡಿಯ ಹತ್ತಿರ ಹೋದಾಗ ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಪಾಲಿಶ್ ಮಾಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಖಾಲಿ ಮೋಟಾರನ್ನು ಓಡಿಸಿ, ಗೋಡೆ ನೋಡುತ್ತ ನಿಂತಿದ್ದ. ಅಕ್ಕ ಅವತ್ತು ಯಾರ ಎದುರೂ ತಲೆ ತಗ್ಗಿಸದೆ ಮನೆಗೆ ಹೋದಳು.

ಎಂಥ ಮನುಷ್ಯ ಇವನು ಅನಿಸಿತು. ಎದೆಯೊಳಗೆ ಏನೋ ಮೆತ್ತಗಾಯಿತು. ಅದೇ ನಾನು ಮಾಡಿದ ಎಡವಟ್ಟು.

ಯಾಕೆಂದರೆ ಆ ತಿಂಗಳೇ ನನ್ನದೊಂದು ಕಣ್ಣು ಕೆಟ್ಟಿತು. ರೇಷ್ಮೆಯ ಎಳೆ ದಪ್ಪವಾಗಿ, ಅಳುವ ಕಣ್ಣಿನ ಹಾಗೆ ಕೆಂಪಾಗಿತ್ತು. ಸಂಜೆ ಎದ್ದು ಜಾಡಿಯ ಹತ್ತಿರ ಹೋದೆ. ಭಯವೇನೂ ಇರಲಿಲ್ಲ, ಮೋಟಾರ್ ಇದೆಯಲ್ಲ. ಕೈ ಬಿಟ್ಟೆ.

ಟಕ್.

ಇಡೀ ಕೋಣೆಗೆ ಕೇಳಿಸಿತು. ಆಮೇಲೆ, ಎಲ್ಲ ಮುಗಿದ ಮೇಲೆ, ಗುರ್ ಅಂದಿತು ಅವನ ಮೋಟಾರ್. ತಿರುಗಿ ನೋಡಿದೆ. ಅವನ ಕಿವಿ ಎರಡೂ ಕೆಂಪಗಾಗಿದ್ದವು. ಎಲ್ಲರಿಗೂ ಸಮಯಕ್ಕೆ ಸರಿಯಾಗಿ ಒತ್ತುವವನು ನನಗೆ ಮಾತ್ರ ತಡ ಮಾಡಿದ!

"ಒಂದು ಸಲ ಮರೆತಿರಬೇಕು ಕಣೇ, ಪಾಪ," ಅಂದಳು ಅಕ್ಕ, ಕೈ ತೊಳೆಯುತ್ತ.

"ಬೇರೆಯವರದ್ದು ಮರೆಯಲ್ಲ, ನನ್ನದು ಮಾತ್ರ ಮರೀತಾರಾ?"

"ಅವನ ಲೆಕ್ಕದಲ್ಲಿ ನೀನು ಬೇರೆಯೇ ಇರ್ಬೇಕು ಅಂತ ನಿನಗೆ ಆಸೆ. ಅದಕ್ಕೇ ಇಷ್ಟು ಉರಿ."

"ನಿನ್ನ ಬಾಯಿಗೆ ಅದೇ ಅಚ್ಚಿನ ಹಿಟ್ಟು ತುಂಬಿಬಿಡ್ತೀನಿ ನೋಡು," ಅಂದೆ. ಅವಳು ನಕ್ಕಳು. ಅವಳು ಹೇಳಿದ್ದು ಸುಳ್ಳಾಗಿದ್ದರೆ ನಾನೂ ನಗುತ್ತಿದ್ದೆ.

ಮುಂದಿನ ಸಲವೂ ಹಾಗೇ ಆಯಿತು. ಈ ಸಲ ಟಕ್ ಅಂದದ್ದಕ್ಕೂ ಗುರ್ ಅಂದದ್ದಕ್ಕೂ ನಡುವೆ ಒಬ್ಬ ಮನುಷ್ಯ ಎದ್ದು ಕೂತು ಆಕಳಿಸುವಷ್ಟು ಹೊತ್ತಿತ್ತು. ನಾನು ಸುಮ್ಮನಿರುವವಳೇ? ಅವನು ಬ್ರಷ್ ತೊಳೆಯುವ ತೊಟ್ಟಿಯ ಹತ್ತಿರ ಒಬ್ಬನೇ ಸಿಕ್ಕಾಗ ಅಡ್ಡ ನಿಂತೆ.

"ನನ್ನದು ಬೀಳುವಾಗ ಮಾತ್ರ ನಿಮ್ಮ ಮೋಟಾರಿಗೆ ಏನಾಗುತ್ತೆ?"

ಅವನು ಟವೆಲ್ಲಿನಲ್ಲಿ ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ಮೋಟಾರಿಗೆ ಏನೂ ಆಗಲ್ಲ."

"ಮತ್ತೆ?"

"ಕೈ ತಡವಾಗುತ್ತೆ."

"ಯಾಕೆ ತಡವಾಗುತ್ತೆ ಅಂತ ಕೇಳ್ತಿದೀನಿ."

ಅವನು ತಲೆಯೆತ್ತಿ ನೋಡಿದ. ಕಣ್ಣು ನೋಡುವುದು ನನ್ನ ಕಸುಬು. ಬಸ್ಸಿನಲ್ಲಿ ಎದುರಿಗೆ ಕೂತವರ ಕಣ್ಣಿನ ಬಣ್ಣವನ್ನೂ ಮನಸ್ಸಿನಲ್ಲೇ ಬೆರೆಸುವವಳು ನಾನು. ಆದರೆ ಅವನ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಒದ್ದೆ ಮಣ್ಣಿನ ಕಂದು. ಎಡಗಣ್ಣಿನಲ್ಲಿ, ಗಡಿಯಾರದಲ್ಲಿ ನಾಲ್ಕು ಗಂಟೆ ಇರುವ ಕಡೆ, ಜೇನಿನ ಬಣ್ಣದ ಸಣ್ಣ ಸೀಳು. ಅವನು ನೋಟ ಕಿತ್ತುಕೊಂಡು ಕಿಟಕಿಯ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಮತ್ತೆ ನನ್ನ ಕಡೆಗೇ ತಂದ.

"ನಿಮ್ಮ ಉಪಕಾರ ನನಗೆ ಬೇಡ," ಅಂದೆ. "ಇನ್ನು ಮುಂದೆ ಒತ್ತಲೇಬೇಡಿ."

"ಇರ್ಲಿ ಬಿಡಿ," ಅಂದ ಅವನು, ತಗ್ಗಿದ ದನಿಯಲ್ಲಿ. ಆ ಮಾತನ್ನು ಅಷ್ಟು ಬೇಸರದಿಂದ ಅವನು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. "ಯಾರ ಜೊತೆ ಜಗಳ?"

"ಯಾರ ಜೊತೆಯೂ ಇಲ್ಲ. ಅವರ ಜೊತೆ ಜಗಳ ಆಡೋಕಾಗಲ್ಲ. ಎಲ್ಲರಿಗೂ ಒಳ್ಳೆಯವರು."

ಅಮ್ಮ ನಕ್ಕಳು, ಆದರೆ ಕಣ್ಣಿನಲ್ಲಿ ನಗೆಯಿರಲಿಲ್ಲ. "ನಿಮ್ಮಪ್ಪನ ಹಾಗೆ ಅನ್ನು."

ಅಪ್ಪ ಬದುಕಿದ್ದಾಗ ಬೀದಿಗೆಲ್ಲ ಬೇಕಾದ ಮನುಷ್ಯ. ಯಾರ ಮನೆಯ ನಲ್ಲಿ ಸೋರಲಿ, ಯಾರ ಮಗುವಿಗೆ ಜ್ವರ ಬರಲಿ, ಅಪ್ಪ ಹಾಜರ್. ನಮ್ಮ ಮನೆಯ ನಲ್ಲಿ ಮಾತ್ರ ವರ್ಷಗಟ್ಟಲೆ ಸೋರುತ್ತಿತ್ತು. ಅಮ್ಮ ಅದರ ಕೆಳಗೊಂದು ಪಾತ್ರೆಯಿಟ್ಟು ಸುಮ್ಮನಾಗಿದ್ದಳು. ಅಪ್ಪನನ್ನು ಮಣ್ಣು ಮಾಡುವಾಗ ಇಡೀ ಬೀದಿ ಅತ್ತಿತು. ಎಲ್ಲರ ಹತ್ತಿರವೂ ಅವರ ಬಗ್ಗೆ ಹೇಳಲು ಒಂದು ಕಥೆಯಿತ್ತು, ನಮ್ಮಿಬ್ಬರ ಹತ್ತಿರ ಬಿಟ್ಟು.

ಒಳ್ಳೆಯತನ ಅಂದರೆ ನನಗೆ ಅನುಮಾನ ಬರುವುದು ಅದಕ್ಕೇ. ಎಲ್ಲರಿಗೂ ಹಂಚಿ ಉಳಿದದ್ದು ನನಗೆ ಬೇಡ. ನನ್ನದು ಅಂತಲೇ ಒಂದಿಷ್ಟು ಬೇಕು. ಅವನ ಮನಸ್ಸಿನಲ್ಲಿ ನಾನು ಎಲ್ಲರಲ್ಲೊಬ್ಬಳೋ, ಅಲ್ಲವೋ? ಅದೊಂದು ಗೊತ್ತಾದರೆ ಸಾಕಿತ್ತು.

ಗೊತ್ತು ಮಾಡಿಕೊಳ್ಳಲು ಸಮಯವಿದೆ ಅಂದುಕೊಂಡಿದ್ದೆ. ಆ ವಾರ ಅಕ್ಕ ಬಂದು ಕಿವಿಯಲ್ಲಿ ಹೇಳಿದಳು: "ಮೇಡಂ ಹೊಸ ಬ್ರಾಂಚ್ ತೆಗೀತಿದಾರಲ್ಲ, ರೈಲಿನಲ್ಲಿ ಒಂದು ಹಗಲಿನ ದಾರಿಯಂತೆ, ಹೋಗಿ ಅಲ್ಲೇ ಇರ್ಬೇಕಂತೆ. ಯಾರೂ ಒಪ್ಪಲಿಲ್ಲ. ಇವನು ಇರ್ಲಿ ಬಿಡಿ, ನಾನೇ ಹೋಗ್ತೀನಿ ಅಂದನಂತೆ."

"ಯಾವಾಗ?"

"ಈ ತಿಂಗಳ ಕೊನೆಗೆ."

ಕೈಯಲ್ಲಿದ್ದ ಬ್ರಷ್ಷಿನ ತುದಿ ನೋಡುತ್ತ ಕೂತೆ. ಮೂರೇ ಮೂರು ಕೂದಲಿನ ಬ್ರಷ್ ಅದು. ಕೈ ಎಷ್ಟು ನಡುಗುತ್ತಿದೆ ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಒಬ್ಬರು ಬಸ್ ಡ್ರೈವರ್ ಕಣ್ಣು ಮಾಡಿಸಲು ಬಂದದ್ದು ಆ ದಿನಗಳಲ್ಲಿ. ಗಾಜು ಸಿಡಿದು ಎಡಗಣ್ಣು ಹೋಗಿತ್ತು. ಬಸ್ ಓಡಿಸುವ ಕೆಲಸ ಅಲ್ಲಿಗೇ ಮುಗಿದು, ಈಗ ಡಿಪೋದಲ್ಲಿ ಕೂತು ಕಂಡಕ್ಟರುಗಳಿಗೆ ಟಿಕೆಟ್ ಕಟ್ಟು ಕೊಡುತ್ತಿದ್ದರು. ದಪ್ಪ ಮೀಸೆ, ದೊಡ್ಡ ದನಿ. ಹೋದ ಕಣ್ಣು, ಹೋದ ಕೆಲಸದ ಬಗ್ಗೆಯೆಲ್ಲ ತಮಾಷೆ ಮಾಡುತ್ತಲೇ ಮಾತಾಡಿದವರು, ಮಗಳ ವಿಷಯ ಬಂದಾಗ ದನಿ ಇಳಿಸಿದರು.

"ಅವಳು ನನ್ನ ಮುಖ ನೋಡಲ್ಲಮ್ಮ. ತೊಡೆ ಮೇಲೆ ಕೂರ್ತಾಳೆ, ಕಥೆ ಕೇಳ್ತಾಳೆ, ಎಲ್ಲ ಗೋಡೆ ನೋಡ್ಕೊಂಡೇ. ಚಿಕ್ಕವಳು, ಹೆದರಿಕೆ. ನಾಳೆ ಅಪ್ಪನ ಕಣ್ಣು ವಾಪಸ್ ಬರುತ್ತೆ ಅಂತ ಹೇಳಿಟ್ಟಿದೀನಿ. ಕರ್ಕೊಂಡು ಬರ್ತೀನಿ."

ಅವರ ಕಣ್ಣು ಹೆಚ್ಚುಕಮ್ಮಿ ಕಪ್ಪು. ಅಂಚಿನಲ್ಲಿ ತೆಳುವಾದ ಬೂದು ಬಳೆ. ಮಧ್ಯಾಹ್ನದವರೆಗೆ ಬಣ್ಣ ಹಾಕಿದೆ, ತಳದ ಬಣ್ಣವಷ್ಟೇ ಆಯಿತು. ಆಗ ಡಿಪೋದಿಂದ ಫೋನ್ ಬಂದು ಅವರು ಎದ್ದು ಹೊರಟರು. ನಾವು ಎಷ್ಟೇ ಅರ್ಜೆಂಟ್ ಇದ್ದರೂ ಮುರಿಯದ ನಿಯಮ ಒಂದಿದೆ. ಕುರ್ಚಿಯಲ್ಲಿ ಮನುಷ್ಯನಿಲ್ಲದಿದ್ದರೆ ಬ್ರಷ್ ಮುಟ್ಟಬಾರದು. ಬಣ್ಣ ನೆನಪಿನಲ್ಲಿ ನಿಲ್ಲುವುದಿಲ್ಲ, ನಿಂತಿದೆ ಅನಿಸುತ್ತದೆ ಅಷ್ಟೇ ಅನ್ನುತ್ತಾರೆ ಮೇಡಂ. ಆದರೆ ನಾಳೆ ಆ ಮಗು ಬರುತ್ತದೆ. ಉಳಿದಿರುವುದು ಮೇಲಿನ ಬಣ್ಣವೂ ಗೆರೆಗಳೂ ಮಾತ್ರ. ಇಷ್ಟು ವರ್ಷ ಈ ಕೆಲಸ ಮಾಡಿ ಒಂದು ಕಣ್ಣು ನೆನಪಿನಲ್ಲಿ ಇಟ್ಟುಕೊಳ್ಳಲಾರೆನೇ ಅಂತ ಬ್ರಷ್ ಎತ್ತಿಕೊಂಡೆ.

ನನ್ನ ಎದುರಿನ ಕುರ್ಚಿ ಖಾಲಿಯಿತ್ತು. ಅದರ ಆಚೆ, ಇನ್ನೊಂದು ಕಿಟಕಿಯ ಹತ್ತಿರ, ಅವನ ಬೆಂಚ್. ಅವನು ಒಂದೊಂದೇ ಸಾಮಾನನ್ನು ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದ. ನಾನು ಆ ಕಡೆ ನೋಡಲೇಬಾರದು ಅಂತ ಕೆಲಸದಲ್ಲಿ ಮುಳುಗಿದೆ. ಕೈ ಎಷ್ಟು ಸಲೀಸಾಗಿ ಓಡಿತೆಂದರೆ, ಅಷ್ಟು ಚೆನ್ನಾಗಿ ನಾನು ಯಾವತ್ತೂ ಬಣ್ಣ ಹಾಕಿರಲಿಲ್ಲ. ಮುಗಿಸಿ ಅವನ ಬೆಂಚಿನ ಮೇಲಿಟ್ಟೆ. ಅವನು ಸರಿ ಅಂತ ತಲೆಯಾಡಿಸಿದ. ಅವತ್ತು ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಬ್ಯಾಗ್ ಇಡುವ ಮೊದಲೇ ಅವನು ಬಂದು ನಿಂತ. "ಒಂದು ನಿಮಿಷ ತೊಟ್ಟಿಯ ಹತ್ತಿರ ಬರ್ತೀರಾ?"

ಹೋದೆ. ಅವನ ಅಂಗೈಯಲ್ಲಿ ಡ್ರೈವರ್ ಕಣ್ಣು. ಪದರ ಎರೆದು, ಪಾಲಿಶ್ ಆಗಿ, ಒದ್ದೆಯಾಗಿ ಹೊಳೆಯುತ್ತಿತ್ತು.

"ಇದನ್ನ ಅವರಿಗೆ ಕೊಡೋಕಾಗಲ್ಲ," ಅಂದ.

"ಯಾಕೆ?"

"ಬಣ್ಣ ಅವರದ್ದಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಓಹೋ! ಎಲ್ಲರ ತಪ್ಪಿಗೂ ಇರ್ಲಿ ಬಿಡಿ, ನನ್ನದಕ್ಕೆ ಮಾತ್ರ ಕೊಡೋಕಾಗಲ್ಲ! ಹೋಗೋಕೆ ಮುಂಚೆ ಇದೊಂದು ಬಾಕಿ ಇತ್ತಾ? ನಾನು ಏನು ಮಾಡಿದೀನಿ ನಿಮಗೆ?"

"ಮೆತ್ತಗೆ. ಒಳಗೆ ಕೇಳಿಸುತ್ತೆ."

"ಕೇಳಿಸಲಿ! ನನ್ನದು ಎಲ್ಲರಿಗೂ ಕೇಳಿಸಲಿ ಅಂತಲೇ ಅಲ್ವಾ ನೀವು ಮೋಟಾರ್ ತಡ ಮಾಡೋದು?"

ಅವನು ತೊಟ್ಟಿಯ ಮೇಲಿದ್ದ ಕನ್ನಡಿಯ ಮುಂದೆ ನಿಂತು, ಆ ಕಣ್ಣನ್ನು ತನ್ನ ಎಡಗಣ್ಣಿನ ಪಕ್ಕ ಹಿಡಿದ.

ಒದ್ದೆ ಮಣ್ಣಿನ ಕಂದು. ನಾಲ್ಕು ಗಂಟೆಯ ಕಡೆ ಜೇನಿನ ಬಣ್ಣದ ಸಣ್ಣ ಸೀಳು.

ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನಿಸಿತು. ಯಾವ ಮಾತನ್ನು ಅಮ್ಮನಿಗೆ ಹೇಳಿರಲಿಲ್ಲವೋ, ಅಕ್ಕನ ಹತ್ತಿರ ಒಪ್ಪಿಕೊಂಡಿರಲಿಲ್ಲವೋ, ಅದನ್ನು ನನ್ನ ಕೈ ಅಷ್ಟು ಅಂದವಾಗಿ ಬರೆದು, ಒಯ್ದು, ಅವನ ಬೆಂಚಿನ ಮೇಲೇ ಇಟ್ಟು ಬಂದಿತ್ತು.

"ಆ ಮಗು ಬರುತ್ತೆ," ಅಂದ ಅವನು, ಕನ್ನಡಿಯಲ್ಲಿ ನನ್ನನ್ನು ನೋಡದೆ. "ಅದಕ್ಕೇ ಸುಮ್ಮನಿರೋಕಾಗಲಿಲ್ಲ." ಕಣ್ಣನ್ನು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದ. ಮುಗಿಯಿತು, ಇದಕ್ಕೂ ಇರ್ಲಿ ಬಿಡಿ ಅಂದುಬಿಟ್ಟ ಅಂದುಕೊಂಡೆ. ನಾಚಿಕೆಗಿಂತ ಅದೇ ಹೆಚ್ಚು ಚುಚ್ಚಿತು.

ಡ್ರೈವರ್ ಬಂದರು. ಒಗೆದ ಅಂಗಿ, ಬಾಚಿದ ಮೀಸೆ. ಅವರ ಬೆರಳು ಹಿಡಿದುಕೊಂಡು, ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಂಡು ಪುಟ್ಟ ಹುಡುಗಿ.

"ಬಣ್ಣ ತಪ್ಪಾಗಿದೆ. ತಪ್ಪು ನನ್ನದು," ಅಂದೆ. "ಇವತ್ತು ಮತ್ತೆ ಹಾಕ್ತೀನಿ, ನಾಳೆ ಕೊಡ್ತೀನಿ. ಸ್ವಲ್ಪ ಕೂರ್ತೀರಾ?"

ಅವರ ಮುಖ ಒಂದು ಕ್ಷಣ ಸೊರಗಿತು. ಆಮೇಲೆ ದೊಡ್ಡ ದನಿಯಲ್ಲಿ, "ಅದಕ್ಕೇನಂತೆ ಬಿಡಮ್ಮ! ಬಸ್ ಒಂದು ದಿನ ಲೇಟು ಅಂದ್ಕೊಂಡ್ರಾಯ್ತು," ಅಂದರು. ನಾನು ತಿರುಗಿ ಹೊಸ ಬಿಲ್ಲೆ ಎತ್ತಿಕೊಂಡೆ.

ಬಣ್ಣ ಬೆರೆಸುತ್ತಿದ್ದಾಗ ಪಕ್ಕದಲ್ಲೊಂದು ಸದ್ದಾಯಿತು. ಅವನು ತನ್ನ ಸ್ಟೂಲನ್ನು ತಂದು ನನ್ನ ಕುರ್ಚಿಯ ಪಕ್ಕದಲ್ಲಿಟ್ಟು, ತನ್ನ ಬೆಂಚಿಗೆ ಹೋದ. ಮಗು ಕೂರುವಷ್ಟು ಎತ್ತರದ ಸ್ಟೂಲು. ಯಾಕೆ ಇಟ್ಟ ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಪುಟ್ಟಿ, ಇಲ್ಲಿ ಬಾ. ನನಗೆ ಒಂದು ಸಹಾಯ ಮಾಡ್ತೀಯಾ?" ಅಂದೆ. "ನನ್ನ ಕಣ್ಣು ನಿನ್ನೆ ಮೋಸ ಮಾಡಿಬಿಡ್ತು. ಅಪ್ಪನ ಒಳ್ಳೆ ಕಣ್ಣಲ್ಲಿ ಯಾವ್ಯಾವ ಬಣ್ಣ ಇದೆ ಅಂತ ನೀನು ನೋಡಿ ಹೇಳ್ಬೇಕು. ನೀನು ಹೇಳಿದ್ದೇ ಹಾಕ್ತೀನಿ."

ಅವಳು ಬಹಳ ಹೊತ್ತು ನೆಲ ನೋಡಿದಳು. ಆಮೇಲೆ ಸ್ಟೂಲು ಹತ್ತಿದಳು. ಬೆರಳುಗಳ ಸಂದಿಯಿಂದ ಇಣುಕಿದಳು.

"ಕಪ್ಪು," ಅಂದಳು.

"ಬರೀ ಕಪ್ಪಾ? ಸರಿಯಾಗಿ ನೋಡು."

ಬೆರಳು ಕೆಳಗಿಳಿದವು. "ಸುತ್ತ ಒಂದು ಬಳೆ ಇದೆ. ಬೂದಿ ಥರ." ಸ್ವಲ್ಪ ತಡೆದು, "ನೀರೂ ಇದೆ," ಅಂದಳು.

"ನೀರು ಬೇಡ, ಅದನ್ನ ಒರೆಸು," ಅಂದೆ. ಅವಳು ಬಾಗಿ, ತನ್ನ ಫ್ರಾಕಿನ ಅಂಚಿನಿಂದ ಅಪ್ಪನ ಕಣ್ಣು ಒರೆಸಿದಳು. ಆಮೇಲೆ ಬಣ್ಣ ಮುಗಿಯುವ ತನಕ ಅವಳ ನೋಟ ಆ ಮುಖ ಬಿಟ್ಟು ಕದಲಲಿಲ್ಲ. ನಾನು ತಲೆಯೆತ್ತಿದಾಗ ಆಚೆ ಬೆಂಚಿನಿಂದ ಅವನು ಅವರಿಬ್ಬರನ್ನೂ ನೋಡುತ್ತಿದ್ದ, ಮತ್ತೆ ನನ್ನನ್ನು. ಈ ಸಲ ನೋಟ ಕಿತ್ತುಕೊಳ್ಳಲಿಲ್ಲ. ತಲೆ ತಗ್ಗಿಸಿದ್ದು ನಾನು.

ಸಂಜೆಯಾಯಿತು. ಮೇಡಂ ಕನ್ನಡಕ ತೆಗೆದಿಟ್ಟರು. ನನ್ನ ಜೇಬಿನಲ್ಲಿ ಆ ಕಣ್ಣು ಬೆಚ್ಚಗೆ ಕೂತಿತ್ತು. ಜಾಡಿಗೆ ಹಾಕಿದರೆ ನಾಳೆಯಿಂದ ಅದು ಗಾಜಿನ ಒಳಗಿಂದ ಎಲ್ಲರನ್ನೂ ನೋಡುತ್ತದೆ. ಅದು ಯಾರದ್ದು ಅಂತ ಗುರುತಿಸದವರು ಆ ಕೋಣೆಯಲ್ಲಿ ಯಾರೂ ಇಲ್ಲ, ಕಣ್ಣು ನೋಡಿಯೇ ಬದುಕುವವರು ನಾವು. ಅವನು ಊರು ಬಿಟ್ಟು ಹೋಗುತ್ತಾನೆ. ನಾನು ದಿನಾ ಅದರ ಎದುರು ಕೂತು ಕೆಲಸ ಮಾಡಬೇಕು. ಆದರೂ ನಿಯಮ ನಿಯಮವೇ. ಎದ್ದೆ.

ಜಾಡಿಯ ಮುಂದೆ ನಿಂತು ಕೈ ಎತ್ತಿದೆ. ಮೋಟಾರಿಗಾಗಿ ಕಾದೆ. ಹೌದು, ಕಾದೆ, ಒತ್ತಲೇಬೇಡಿ ಅಂದವಳೇ ಕಾದೆ. ಇವತ್ತೊಂದು ದಿನ ಸಮಯಕ್ಕೆ ಸರಿಯಾಗಿ ಒತ್ತಪ್ಪಾ, ಇನ್ನು ಯಾವತ್ತೂ ಕೇಳಲ್ಲ.

ಕೋಣೆ ನಿಶ್ಶಬ್ದವಾಗಿತ್ತು. ಮೋಟಾರ್ ತಿರುಗಲೇ ಇಲ್ಲ.

"ಯಾಕೋ, ಇವತ್ತು ಮೋಟಾರ್ ಸುಮ್ಮನಿದೆ?" ಅಂದರು ಮೇಡಂ. ನಾವೆಲ್ಲ ಗಾಬರಿಯಾಗಿ ಅವರನ್ನು ನೋಡಿದೆವು. "ಏನು ಹಾಗೆ ನೋಡ್ತೀರಿ? ನನಗೆ ಕಿವಿ ಇಲ್ಲ ಅಂದ್ಕೊಂಡಿದ್ರಾ?"

ಅವನು ಬೆಂಚ್ ಬಿಟ್ಟು ಬಂದ. ನನ್ನ ಎತ್ತಿದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದ.

"ಇದನ್ನ ಹಾಕ್ಬೇಡಿ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಮೇಡಂ, ಕೆಟ್ಟಿದ್ದನ್ನ ಜಾಡಿಗೆ ಹಾಕ್ಬೇಕು ಅಂತ ನಿಯಮ. ಇದು ಕೆಟ್ಟಿಲ್ಲ. ಬೇರೆಯವರದ್ದು, ಅಷ್ಟೇ."

"ಯಾರದ್ದು?"

"ನನ್ನದು."

ಅಕ್ಕನ ಕೈಯಿಂದ ಅಚ್ಚಿನ ತಟ್ಟೆ ಜಾರಿ ಬಿತ್ತು. ಮೇಡಂ ಕನ್ನಡಕ ಹಾಕಿಕೊಂಡರು, ಕಣ್ಣನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. ಅವನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಒಮ್ಮೆ ಅದನ್ನು, ಒಮ್ಮೆ ಅವನನ್ನು ನೋಡಿದರು. ಕೊನೆಗೆ ನನ್ನನ್ನು.

"ಕುರ್ಚಿಯಲ್ಲಿ ಯಾರೂ ಇಲ್ಲದಾಗ ಬ್ರಷ್ ಮುಟ್ಟಿದೀಯ."

"ಹೌದು ಮೇಡಂ."

"ಇನ್ನೊಂದು ಸಲ ಮುಟ್ಟಿದ್ರೆ ಬ್ರಷ್ ಕಿತ್ಕೋತೀನಿ." ಕಣ್ಣನ್ನು ಜಾಡಿಗೆ ಹಾಕಲಿಲ್ಲ. ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ನೆನಪಿನಲ್ಲಿ ಬಣ್ಣ ನಿಲ್ಲಲ್ಲ ಅಂತಿದ್ದೆ ನಾನು," ಅಂದು ಬ್ಯಾಗ್ ಎತ್ತಿಕೊಂಡು ಹೊರಟುಬಿಟ್ಟರು.

ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದೆವು. ಅಂಗಡಿಗಳ ದೀಪ ಒಂದೊಂದಾಗಿ ಹತ್ತುತ್ತಿದ್ದವು. ಕೊನೆಗೆ ಕೇಳಿಯೇಬಿಟ್ಟೆ.

"ನೀವು ಎಲ್ಲರಿಗೂ ಒಳ್ಳೆಯವರು. ಇವತ್ತು ಮಾಡಿದ್ದೂ ಅದೇನಾ? ನನ್ನ ಮಾನ ಉಳಿಸೋಕೆ?"

"ಮಾನ ಉಳಿಸೋದಾಗಿದ್ರೆ ಮೋಟಾರ್ ಒತ್ತಿ ಸುಮ್ಮನಾಗ್ತಿದ್ದೆ."

"ಮತ್ತೆ ಮೊದಲೆರಡು ಸಲ ಯಾಕೆ ತಡ ಆಯ್ತು? ಇವತ್ತು ಹೇಳದೆ ಬಸ್ ಹತ್ತೋಕೆ ಬಿಡಲ್ಲ."

ಅವನು ನಿಂತ. ಕಿವಿ ಮತ್ತೆ ಕೆಂಪಗಾದವು. "ಬೇರೆಯವರು ಜಾಡಿಯ ಹತ್ತಿರ ಹೋಗುವಾಗ ನಾನು ಸ್ವಿಚ್ ನೋಡ್ತಿರ್ತೀನಿ. ನೀವು ಹೋಗುವಾಗ ನಿಮ್ಮನ್ನ ನೋಡ್ತಿರ್ತೀನಿ. ತಲೆ ಎತ್ಕೊಂಡು ನಡೀತೀರಿ, ಆದ್ರೆ ಕುತ್ತಿಗೆ ಹತ್ತಿರ ನರ ಹೊಡ್ಕೋತಿರುತ್ತೆ. ಅದನ್ನ ನೋಡ್ತಾ ಇದ್ರೆ ಸ್ವಿಚ್ ಎಲ್ಲಿದೆ ಅನ್ನೋದೇ ಮರೆತುಹೋಗುತ್ತೆ. ಟಕ್ ಅಂದ ಮೇಲೆ ನೆನಪಾಗುತ್ತೆ."

ಇಷ್ಟು ದಿನ ಯಾವುದನ್ನು ಉದಾಸೀನ ಅಂತ ಎಣಿಸಿ ಕುದಿದೆನೋ, ನನ್ನದು ಅಂತಲೇ ಇದ್ದದ್ದು ಅದೇ. ಆ ತಡ ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಬೀದಿಯಲ್ಲಿ ನಿಂತೇ ಅತ್ತೆ. ಅವನು ಜೇಬು ತಡಕಾಡಿದ, ಕರವಸ್ತ್ರ ಸಿಗಲಿಲ್ಲ, ಬಂದದ್ದು ಆ ಕಣ್ಣು.

"ಅದನ್ನ ಇಟ್ಕೊಂಡು ಏನು ಮಾಡ್ತೀರಿ?"

"ನನ್ನ ಕಣ್ಣು ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ," ಅಂದ. "ಮರೆತರೆ ನೋಡ್ಕೋತೀನಿ."

"ಆ ಊರಿಗೆ ಹೋಗ್ಲೇಬೇಕಾ?"

"ಮಾತು ಕೊಟ್ಟಾಗಿದೆ. ಅಲ್ಲೂ ಜನ ಕಾಯ್ತಿದಾರೆ. ಒಂದು ವರ್ಷ. ಆಮೇಲೆ ಬರ್ತೀನಿ. ಬಂದು ನಿಮ್ಮ ಅಮ್ಮನ ಹತ್ತಿರ ಕೇಳ್ತೀನಿ." ತಡೆದು, ನನ್ನ ಮುಖ ನೋಡಿದ. "ಕೇಳ್ಬಹುದಾ?"

"ಮೊದಲು ಈ ಭಾನುವಾರ ಬನ್ನಿ," ಅಂದೆ. "ನಮ್ಮ ಮನೆಯ ನಲ್ಲಿ ಸೋರುತ್ತೆ."

ಅವನು ಭಾನುವಾರ ಬಂದ. ಅಂಗಿಯ ತೋಳು ಮಡಚಿ, ಅಡುಗೆಮನೆಯ ನೆಲದ ಮೇಲೆ ಕೂತು ನಲ್ಲಿ ಸರಿಮಾಡಿದ. ಅಮ್ಮ ಆ ಹಳೆಯ ಪಾತ್ರೆಯನ್ನು ತೆಗೆದು, ತೊಳೆದು, ಕವುಚಿಟ್ಟಳು. ಊಟಕ್ಕೆ ಮೂರು ತಟ್ಟೆ ಹಾಕಿದಳು.

ತಿಂಗಳ ಕೊನೆಗೆ ಅವನು ಹೊರಟ. ರೈಲಿನ ಕಿಟಕಿಯಲ್ಲಿ ಕೊನೆಗೆ ಕಂಡದ್ದು ಅವನ ಕಣ್ಣು. ನಾನು ಬಣ್ಣ ಬೆರೆಸಿಕೊಳ್ಳಲಿಲ್ಲ, ಸುಮ್ಮನೆ ನೋಡಿದೆ.

ಅವನ ಬೆಂಚ್ ಖಾಲಿಯಾಯಿತು. ಪಾಲಿಶ್ ಕೆಲಸಕ್ಕೆ ಬಂದ ಹೊಸಬಳು ಮೆತ್ತನೆಯ ಹುಡುಗಿ. ಎರಡನೆಯ ವಾರವೇ ಅವಳ ಕೈಯಲ್ಲೊಂದು ಕಣ್ಣು ಗೀಚಿಹೋಯಿತು. ಸಂಜೆ ಅದನ್ನು ಹಿಡಿದು ಜಾಡಿಯ ಕಡೆ ನಡೆದಳು. ಮುಖದಲ್ಲಿ ಬಣ್ಣವಿರಲಿಲ್ಲ. ಅಕ್ಕ ನೆಲ ನೋಡಿದಳು. ಕೋಣೆ ಮೊದಲಿನ ಹಾಗೆ ನಿಶ್ಶಬ್ದವಾಗಿತ್ತು. ನಾನು ಎದ್ದು, ಖಾಲಿ ಬೆಂಚಿನ ಹತ್ತಿರ ಹೋಗಿ, ಅವಳು ಬೆರಳು ಬಿಡಿಸುವ ಕ್ಷಣಕ್ಕೆ ಸರಿಯಾಗಿ ಸ್ವಿಚ್ ಒತ್ತಿದೆ. ಗುರ್ ಎಂದಿತು ಮೋಟಾರ್. ಮೇಡಂ ಕನ್ನಡಕದ ಮೇಲಿನಿಂದ ಒಮ್ಮೆ ನನ್ನನ್ನು ನೋಡಿ, ತಮ್ಮ ಕೆಲಸಕ್ಕೆ ತಿರುಗಿದರು.

ಮನೆಗೆ ಬಂದ ಮೇಲೆ ಅವನ ಫೋನ್ ಬಂತು. ಈಗ ನಾವು ನೀನು ಅನ್ನುವಷ್ಟು ಹತ್ತಿರವಾಗಿದ್ದೆವು.

"ಇವತ್ತು ಯಾರದ್ದಾದ್ರೂ ಜಾಡಿಗೆ ಬಿತ್ತಾ?" ಅಂತ ಕೇಳಿದ.

"ಗೊತ್ತಿಲ್ಲ ಕಣೋ," ಅಂದೆ. "ಮೋಟಾರ್ ಓಡ್ತಿತ್ತು. ಏನೂ ಕೇಳಿಸಲಿಲ್ಲ."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಎಷ್ಟು ತಡ ಮಾಡುತ್ತಾನೋ ಮಾಡಲಿ ಅಂತ ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕಾದೆ.